ಮೂರು ಪೀಠಗಳ ನಡುವೆ ಕೆಂಗಲ್ ಹನುಮಂತಯ್ಯ

ರಾಮನಗರ: ಅಧಿಕಾರದ ಯಾವ ಪೀಠ ದೊಡ್ಡದು? ರಾಜ್ಯದ ಮುಖ್ಯಮಂತ್ರಿ ಪದವಿಯೋ, ದೆಹಲಿಯ ಸಚಿವ ಸ್ಥಾನವೋ? ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಸೀಮೆಯ ಮತದಾರರಿಗೆ ಇದು ಕೇವಲ ಹರಟೆಯ ಪ್ರಶ್ನೆಯಲ್ಲ. 1983ರಲ್ಲಿ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆಯವರನ್ನು ವಿಧಾನಸಭೆಗೆ ಕಳುಹಿಸಿದ್ದು ಕನಕಪುರ. 1994ರಲ್ಲಿ ರಾಮನಗರದಿಂದ ಗೆದ್ದು ಮುಖ್ಯಮಂತ್ರಿಯಾದ ಎಚ್.ಡಿ.ದೇವೇಗೌಡರು 1996ರ ಜೂನ್ 1ರಂದು ಪ್ರಧಾನಿಯಾದರು. ರಾಜ್ಯದ ಪದವಿಯನ್ನು ಬಿಟ್ಟು ಹೋಗಿ ಪಡೆದ ಆ ಪೀಠ ಒಂದು ವರ್ಷವೂ ಪೂರ್ಣ ಅವರಲ್ಲಿ ಉಳಿಯಲಿಲ್ಲ. ಆದರೆ ಈ ಪ್ರಶ್ನೆಯನ್ನು ಮೊದಲು, ಮತ್ತು ಬಹುಶಃ ಎಲ್ಲರಿಗಿಂತ ತೀವ್ರವಾಗಿ ಎದುರಿಸಿದವರು ಇದೇ ನೆಲದ ಮಗ ಕೆಂಗಲ್ ಹನುಮಂತಯ್ಯ.

ಹನುಮಂತಯ್ಯನವರು ಹುಟ್ಟಿದ್ದು 1908ರ ಫೆಬ್ರುವರಿಯಲ್ಲಿ, ರಾಮನಗರ ಸಮೀಪದ ಲಕ್ಕಪ್ಪನಹಳ್ಳಿಯ ಒಕ್ಕಲಿಗ ರೈತ ಕುಟುಂಬದಲ್ಲಿ. ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸ್‌ನ ಹೆಸರಿನಿಂದಾಗಿ ರಾಮನಗರ ಆಗ ಕ್ಲೋಸ್‌ಪೇಟೆ ಎನಿಸಿಕೊಂಡಿತ್ತು. ಮುಂದೆ ಅದಕ್ಕೆ ರಾಮನಗರವೆಂದು ಹೆಸರಿಟ್ಟ ಶ್ರೇಯಸ್ಸು ಹನುಮಂತಯ್ಯನವರಿಗೇ ಸಲ್ಲುತ್ತದೆ. ಅವರ ಹೆಸರಿನ ಹಿಂದಿರುವ ಕೆಂಗಲ್, ರಾಮನಗರ ಮತ್ತು ಚನ್ನಪಟ್ಟಣಗಳ ನಡುವೆ ಮೈಸೂರು ರಸ್ತೆಯ ಬದಿಯಲ್ಲಿರುವ ಆಂಜನೇಯನ ಕ್ಷೇತ್ರ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪದವಿ, ಪುಣೆಯಲ್ಲಿ ಕಾನೂನು ವ್ಯಾಸಂಗ ಮುಗಿಸಿ ಬೆಂಗಳೂರಿನಲ್ಲಿ ವಕೀಲಿ ವೃತ್ತಿ ಆರಂಭಿಸಿದರು. ಆದರೆ ನ್ಯಾಯಾಲಯಕ್ಕಿಂತ ಕಾಂಗ್ರೆಸ್ಸಿನ ಸೆಳೆತ ಬಲವಾಗಿತ್ತು. ಹಲವು ಬಾರಿ ಸೆರೆಮನೆ ಕಂಡರು. ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ ಕಾಂಗ್ರೆಸ್ ಪಕ್ಷದ ನಾಯಕರಾಗಿ ದಿವಾನರ ಆಡಳಿತವನ್ನು ಪ್ರಶ್ನಿಸುವ ಅಭ್ಯಾಸ ಅವರಿಗೆ ಅಲ್ಲಿಯೇ ಆಯಿತು.

ಭಾರತದ ಸಂವಿಧಾನ ರಚನಾ ಸಭೆಗೆ ಮೈಸೂರಿನಿಂದ ಹೋದ ಪ್ರತಿನಿಧಿಗಳಲ್ಲಿ ಅವರೂ ಒಬ್ಬರು. 1949ರ ನವೆಂಬರ್‌ನಲ್ಲಿ, ಸಂವಿಧಾನದ ಕರಡಿಗೆ ಎಲ್ಲರೂ ಪ್ರಶಂಸೆಯ ಮಾತು ಸೇರಿಸುತ್ತಿದ್ದ ಹೊತ್ತಿನಲ್ಲಿ, ಹನುಮಂತಯ್ಯನವರು ಎದ್ದುನಿಂತು ಬೇರೆಯೇ ಸ್ವರ ಹೊರಡಿಸಿದರು. ಸ್ವಾತಂತ್ರ್ಯ ಹೋರಾಟಗಾರರು ವೀಣೆ ಅಥವಾ ಸಿತಾರಿನ ನಾದವನ್ನು ಬಯಸಿದ್ದರು, ಕಿವಿಗೆ ಬಿದ್ದದ್ದು ಇಂಗ್ಲಿಷ್ ಬ್ಯಾಂಡಿನ ಸದ್ದು ಎಂಬುದು ಅವರ ಆಕ್ಷೇಪದ ಸಾರ. ತನ್ನ ನೆಲದ ಛಾಯೆಯಿಲ್ಲದ ವಸ್ತು ಎಷ್ಟೇ ಸಮರ್ಪಕವಾಗಿದ್ದರೂ ಪರಕೀಯವೇ ಎಂಬ ಈ ಭಾವನೆ ಮುಂದೆ ಕಲ್ಲಿನಲ್ಲಿ ಮೈದಾಳಲಿತ್ತು.

ರಾಜ್ಯದ ಚುಕ್ಕಾಣಿ

1947ರ ಅಕ್ಟೋಬರ್‌ನಿಂದ ಮೈಸೂರಿನ ಚುಕ್ಕಾಣಿ ಹಿಡಿದಿದ್ದ ಕೆ.ಸಿ.ರೆಡ್ಡಿಯವರು 1952ರ ಮೊದಲ ಮಹಾಚುನಾವಣೆಯ ಬಳಿಕ ದೆಹಲಿಗೆ ತೆರಳಿ ಕೇಂದ್ರ ಸಚಿವರಾದರು. ಎಸ್.ನಿಜಲಿಂಗಪ್ಪನವರು ಚಿತ್ರದುರ್ಗದಿಂದ ಲೋಕಸಭೆಗೆ ಹೋದರು. ಮೈಸೂರಿನ ಮೊದಲ ಸಾಲಿನ ಇಬ್ಬರು ನಾಯಕರು ಹೀಗೆ ದೆಹಲಿಯ ಹಾದಿ ಹಿಡಿದಾಗ, ರಾಮನಗರದಿಂದ ವಿಧಾನಸಭೆಗೆ ಆಯ್ಕೆಯಾಗಿದ್ದ ಹನುಮಂತಯ್ಯನವರು ಬೆಂಗಳೂರಿನಲ್ಲಿ ಉಳಿದರು. 1952ರ ಮಾರ್ಚ್ 30ರಂದು ಮುಖ್ಯಮಂತ್ರಿಯಾಗಿ ಅಧಿಕಾರ ಸ್ವೀಕರಿಸಿದರು.

ಆಗಿನ ಮೈಸೂರು ಒಂಬತ್ತು ಜಿಲ್ಲೆಗಳ ಪುಟ್ಟ ರಾಜ್ಯ. ಆದರೆ ಮುಖ್ಯಮಂತ್ರಿಗೆ ಅದೊಂದು ಅಸೂಯೆ ಹುಟ್ಟಿಸುವಂತಹ ರಾಜ್ಯವೂ ಆಗಿತ್ತು. ದಿವಾನರ ಕಾಲದಿಂದ ಬಂದ ಶಿಸ್ತಿನ ಆಡಳಿತ ಯಂತ್ರ, ವಿದ್ಯುತ್ತು, ಕಾರ್ಖಾನೆಗಳು, ವಿಶ್ವವಿದ್ಯಾನಿಲಯ ಎಲ್ಲವೂ ಸಿದ್ಧವಾಗಿದ್ದವು. ಶಾಸಕಾಂಗದಲ್ಲಿ ಪಕ್ಷಕ್ಕೆ ನಿಚ್ಚಳ ಬಹುಮತವಿತ್ತು. ಹನುಮಂತಯ್ಯನವರ ಸ್ವಂತ ಸಮುದಾಯ ಸಂಖ್ಯೆಯಲ್ಲಿಯೂ ಪ್ರಭಾವದಲ್ಲಿಯೂ ಬಲವಾಗಿತ್ತು. ಹುಟ್ಟೂರು ರಾಜಧಾನಿಯಿಂದ ಕೆಲವೇ ಗಂಟೆಗಳ ಹಾದಿ. ರಾಜಕಾರಣಿಯೊಬ್ಬನಿಗೆ ಇದಕ್ಕಿಂತ ಅನುಕೂಲವಾದ ಕುರ್ಚಿ ದಕ್ಷಿಣ ಭಾರತದಲ್ಲಿ ಆಗ ಇದ್ದಿತೇ ಎಂಬುದು ಸಂದೇಹ.

ಅವರ ಸರ್ಕಾರದ ಅವಧಿಯಲ್ಲಿಯೇ, 1953ರ ಅಕ್ಟೋಬರ್ 1ರಂದು, ಮೂರು ತಾಲ್ಲೂಕುಗಳ ಹೊರತಾಗಿ ಬಳ್ಳಾರಿ ಜಿಲ್ಲೆ ಮೈಸೂರಿಗೆ ಸೇರಿತು. 1954ರಲ್ಲಿ ಇನಾಂ ರದ್ದತಿಗೆ ಕಾಯ್ದೆ ರೂಪುಗೊಂಡಿತು. ಕುಮಾರವ್ಯಾಸ ಭಾರತವನ್ನು ಎರಡೇ ರೂಪಾಯಿಗೆ ಜನಸಾಮಾನ್ಯರ ಕೈಗಿಡುವ ಯೋಜನೆಯ ಹಿಂದೆ ಇದ್ದದ್ದೂ ಅವರ ಆಸಕ್ತಿಯೇ. ಗಮಕವನ್ನು ಮನಸಾರೆ ಮೆಚ್ಚುತ್ತಿದ್ದ ಮುಖ್ಯಮಂತ್ರಿ ಅವರು. ಇವೆಲ್ಲವನ್ನೂ ಇಂದು ಬಹುಮಂದಿ ಮರೆತಿದ್ದಾರೆ. ವಿಧಾನಸೌಧ ಎಲ್ಲವನ್ನೂ ಮರೆಮಾಡಿದೆ.

ಶಾಸಕಾಂಗಕ್ಕೊಂದು ಹೊಸ ಕಟ್ಟಡ ಬೇಕೆಂಬ ಚಿಂತನೆ ರೆಡ್ಡಿಯವರ ಕಾಲದ್ದು. ಜವಾಹರಲಾಲ್ ನೆಹರೂ 1951ರ ಜುಲೈ 13ರಂದು ಶಂಕುಸ್ಥಾಪನೆ ನೆರವೇರಿಸಿಯೂ ಆಗಿತ್ತು. ಹನುಮಂತಯ್ಯನವರು ಬಂದವರೇ ಆ ಸರಳ ನಕ್ಷೆಯನ್ನು ಬದಿಗಿಟ್ಟರು. ನಗರ ನೋಡಲು ಬಂದ ರಷ್ಯಾದ ಸಾಂಸ್ಕೃತಿಕ ನಿಯೋಗವೊಂದು ಇಲ್ಲಿನ ಯುರೋಪಿಯನ್ ಶೈಲಿಯ ಕಟ್ಟಡಗಳನ್ನು ಕಂಡು, ನಿಮ್ಮದೇ ಆದ ವಾಸ್ತುಶಿಲ್ಪ ಇಲ್ಲವೇ ಎಂದು ಕೇಳಿದ್ದೇ ಇದಕ್ಕೆ ಕಾರಣವೆಂಬ ಪ್ರತೀತಿ ಇದೆ. ಸಂವಿಧಾನ ಸಭೆಯ ಅವರ ಭಾಷಣವನ್ನು ನೆನೆದರೆ, ರಷ್ಯನ್ನರು ಕೇಳದಿದ್ದರೂ ಅವರು ಅದನ್ನೇ ಮಾಡುತ್ತಿದ್ದರು ಎನ್ನಬಹುದು.

ಮುಖ್ಯ ಎಂಜಿನಿಯರ್ ಬಿ.ಆರ್.ಮಾಣಿಕಂ ಅವರ ಉಸ್ತುವಾರಿಯಲ್ಲಿ ಕೆಲಸ ಭರದಿಂದ ಸಾಗಿತು. ಬೆಂಗಳೂರು ಸುತ್ತಮುತ್ತಲಿನ ಕಲ್ಲು, ದ್ರಾವಿಡ ಶೈಲಿಯ ಕಂಬ ಮತ್ತು ಗೋಪುರ, 700 ಅಡಿ ಉದ್ದ, 350 ಅಡಿ ಅಗಲ. ಸುಮಾರು ಐದು ಸಾವಿರ ಕಾರ್ಮಿಕರು ದುಡಿದರೆನ್ನಲಾಗಿದೆ. ಅವರಲ್ಲಿ ಸೆರೆಮನೆಯ ಕೈದಿಗಳೂ ಇದ್ದರು. ಮುಖ್ಯಮಂತ್ರಿ ಸ್ವತಃ ನಕ್ಷೆ ತಿದ್ದುತ್ತಿದ್ದರು, ಕೆತ್ತನೆಯ ವಿವರಗಳಲ್ಲಿ ತಲೆಹಾಕುತ್ತಿದ್ದರು. ವೆಚ್ಚ 1.8 ಕೋಟಿ ರೂಪಾಯಿಯ ಆಸುಪಾಸಿಗೆ ಮುಟ್ಟಿತು. ಹತ್ತು ಜಿಲ್ಲೆಗಳ ರಾಜ್ಯಕ್ಕೆ ಇಷ್ಟು ದೊಡ್ಡ ಅರಮನೆ ಏಕೆ ಎಂಬ ಟೀಕೆ ಶಾಸನಸಭೆಯ ಒಳಗೂ ಹೊರಗೂ ಎದ್ದಿತು. ದುಂದುವೆಚ್ಚದ ಆರೋಪ ಅವರನ್ನು ಅಧಿಕಾರ ಕಳೆದುಕೊಂಡ ನಂತರವೂ ವಿಚಾರಣೆಯ ರೂಪದಲ್ಲಿ ಬೆನ್ನಟ್ಟಿತು. ಸರ್ಕಾರದ ಕೆಲಸ ದೇವರ ಕೆಲಸವೆಂದು ಕಟ್ಟಡದ ನೆತ್ತಿಯ ಮೇಲೆ ಕೆತ್ತಿಸಿದ ಮನುಷ್ಯನಿಗೆ ಅದು ಕಹಿಯಾದ ಪ್ರಸಂಗ.

ಏಕೀಕರಣದ ಬೆಲೆ

1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿ ಬಂದಿತು. ಮುಂಬಯಿ, ಹೈದರಾಬಾದ್, ಮದರಾಸು ಪ್ರಾಂತ್ಯಗಳ ಹಾಗೂ ಕೊಡಗಿನ ಕನ್ನಡ ಪ್ರದೇಶಗಳನ್ನು ಮೈಸೂರಿನೊಂದಿಗೆ ಒಂದುಗೂಡಿಸಬೇಕೆಂಬುದು ಅದರ ಶಿಫಾರಸು. ಹಳೆ ಮೈಸೂರಿನ ಅನೇಕ ನಾಯಕರಿಗೆ ಇದು ಹಿತವಾಗಲಿಲ್ಲ. ಮುಂದುವರಿದ ಮೈಸೂರಿನ ಸಂಪನ್ಮೂಲ ಹಿಂದುಳಿದ ಪ್ರದೇಶಗಳಿಗೆ ಹರಿದುಹೋಗುತ್ತದೆ ಎಂಬುದು ಬಹಿರಂಗವಾಗಿ ಕೇಳಿಬಂದ ವಾದ. ಒಕ್ಕಲಿಗರ ಪ್ರಾಬಲ್ಯ ಕುಗ್ಗಿ, ಉತ್ತರದ ಲಿಂಗಾಯತರ ಸಂಖ್ಯಾಬಲ ಮೇಲುಗೈ ಸಾಧಿಸುತ್ತದೆ ಎಂಬುದು ಒಳಗಿನ ಲೆಕ್ಕ. ಎರಡು ಪ್ರತ್ಯೇಕ ಕನ್ನಡ ರಾಜ್ಯಗಳಿರಲಿ ಎಂಬ ಮಾತೂ ಬಲವಾಗಿಯೇ ಇತ್ತು.

ಈ ಲೆಕ್ಕ ಹನುಮಂತಯ್ಯನವರಿಗೆ ತಿಳಿಯದ್ದೇನಲ್ಲ. ವಿಶಾಲ ರಾಜ್ಯದಲ್ಲಿ ತಮ್ಮ ಕುರ್ಚಿಯ ಕಾಲುಗಳೇ ಸಡಿಲವಾಗುತ್ತವೆ ಎಂಬುದನ್ನು ಅವರ ಬೆಂಬಲಿಗರೇ ಅವರಿಗೆ ನೆನಪಿಸುತ್ತಿದ್ದರು. ಆದರೂ ಅವರು ಏಕೀಕರಣದ ಪರ ನಿಂತರು. ಶಾಸನಸಭೆಯಲ್ಲಿ ತಮ್ಮವರದೇ ವಿರೋಧದ ನಡುವೆ ಅದನ್ನು ಸಮರ್ಥಿಸಿದರು. ಇದನ್ನು ಅಪ್ಪಟ ತ್ಯಾಗವೆಂದು ಬಣ್ಣಿಸುವ ರೂಢಿ ಅಭಿಮಾನಿಗಳಲ್ಲಿದೆ. ವಿಶಾಲ ರಾಜ್ಯದ ನಾಯಕತ್ವವೂ ತಮಗೇ ದಕ್ಕಬಹುದೆಂಬ ಆಸೆ ಅವರಂತಹ ಮಹತ್ವಾಕಾಂಕ್ಷಿಗೆ ಇದ್ದಿರಲಾರದು ಎಂದು ನಂಬುವುದು ಕಷ್ಟ. ಆದರೆ ಆಸೆಯೊಂದನ್ನು ನಂಬಿ, ಕೈಯಲ್ಲಿದ್ದ ಭದ್ರವಾದ ಪೀಠವನ್ನು ಪಣಕ್ಕೆ ಒಡ್ಡುವುದಕ್ಕೂ ಎದೆಗಾರಿಕೆ ಬೇಕು.

ಪಣ ಸೋತಿತು. ನಿಷ್ಠುರ ನುಡಿ, ಸಹೋದ್ಯೋಗಿಗಳನ್ನು ಲೆಕ್ಕಿಸದ ಸ್ವಭಾವ ಅವರಿಗೆ ಪಕ್ಷದೊಳಗೆ ಬೇಕಾದಷ್ಟು ಶತ್ರುಗಳನ್ನು ಗಳಿಸಿಕೊಟ್ಟಿದ್ದವು. ಅತೃಪ್ತರು ಒಂದಾದರು. 1956ರ ಆಗಸ್ಟ್ 19ರಂದು ಹನುಮಂತಯ್ಯನವರ ಅಧಿಕಾರ ಕೊನೆಗೊಂಡು, ಕಡಿದಾಳ್ ಮಂಜಪ್ಪನವರು ಮುಖ್ಯಮಂತ್ರಿಯಾದರು. ನವೆಂಬರ್ 1ರಂದು ಹತ್ತೊಂಬತ್ತು ಜಿಲ್ಲೆಗಳ ವಿಶಾಲ ಮೈಸೂರು ಉದಯಿಸಿದಾಗ ಪ್ರಮಾಣವಚನ ಸ್ವೀಕರಿಸಿದವರು ನಿಜಲಿಂಗಪ್ಪ. ಹತ್ತು ಜಿಲ್ಲೆಗಳಿಗೆ ಅತಿಯಾಯಿತೆಂದು ಹಳಿಸಿಕೊಂಡಿದ್ದ ಕಟ್ಟಡ ಹತ್ತೊಂಬತ್ತು ಜಿಲ್ಲೆಗಳಿಗೆ ಸರಿಯಾಗಿ ಒಪ್ಪಿತು. ಅದನ್ನು ಕಟ್ಟಿಸಿದವರಿಗೆ ಮಾತ್ರ ಅಲ್ಲಿ ಮುಖ್ಯಮಂತ್ರಿಯ ಪೀಠ ಮತ್ತೆ ದೊರೆಯಲಿಲ್ಲ. 1957ರಲ್ಲಿ ರಾಮನಗರದ ಜನ ಅವರನ್ನು ಪುನಃ ಆರಿಸಿ ಕಳುಹಿಸಿದರು. ಆದರೆ ಸಾಮಾನ್ಯ ಶಾಸಕರಾಗಿ.

ಪದವಿಗಳ ಆಕರ್ಷಣೆಯನ್ನು ತೂಗಿ ನೋಡುವ ಹವ್ಯಾಸ ಅಮೆರಿಕದ ವಿಶ್ವವಿದ್ಯಾನಿಲಯಗಳ ಫುಟ್‌ಬಾಲ್ ವಲಯದಲ್ಲಿ ಒಂದು ಶಾಸ್ತ್ರದಂತೆಯೇ ಬೆಳೆದಿದೆ. ಯಾವ ತಂಡದ ಮುಖ್ಯ ತರಬೇತುದಾರನ ಹುದ್ದೆ ಮೇಲು ಎಂದು ಅಲ್ಲಿನ ಅಭಿಮಾನಿಗಳು ಅಳೆಯುವುದು ಸಂಬಳವೊಂದರಿಂದಲ್ಲ. ಸುತ್ತಲಿನ ಊರುಗಳಲ್ಲಿ ಒಳ್ಳೆಯ ಆಟಗಾರರು ಸಿಗುತ್ತಾರೆಯೇ, ದೇಣಿಗೆ ಕೊಡುವ ಹಳೆಯ ವಿದ್ಯಾರ್ಥಿಗಳು ಎಷ್ಟು ಮೂಗು ತೂರಿಸುತ್ತಾರೆ, ಸೋತಾಗ ಜನ ಎಷ್ಟು ದಿನ ತಾಳುತ್ತಾರೆ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಅಲ್ಲಿನ ದಂತಕಥೆ ಪಾಲ್ ಬ್ರಯಂಟ್ ಮೇರಿಲ್ಯಾಂಡ್, ಕೆಂಟಕಿ, ಟೆಕ್ಸಾಸ್ ಎ ಅಂಡ್ ಎಂ ತಂಡಗಳನ್ನು ದಾಟಿ 1958ರಲ್ಲಿ ತಾವು ಓದಿ ಆಡಿದ ಅಲಬಾಮಾಕ್ಕೆ ಮರಳಿದರು. 1982ರವರೆಗೆ ಇಪ್ಪತ್ತೈದು ಋತುಗಳ ಕಾಲ ಅಲ್ಲಿಯೇ ಉಳಿದರು. ತವರಿನ ಪೀಠ ಎಲ್ಲಕ್ಕಿಂತ ಮೇಲೆಂಬುದು ಅವರ ತೀರ್ಮಾನವಾಗಿತ್ತು. ಹನುಮಂತಯ್ಯನವರ ದಾರಿ ಇದಕ್ಕೆ ತದ್ವಿರುದ್ಧ. ತವರಿನ ಪೀಠದಿಂದ ಆರಂಭಿಸಿದ ಅವರಿಗೆ ಅಲ್ಲಿಗೆ ಹಿಂದಿರುಗುವ ಬಾಗಿಲು ತೆರೆಯಲಿಲ್ಲ.

ದೆಹಲಿಯ ದಿನಗಳು

1962ರಲ್ಲಿ ಅವರು ಬೆಂಗಳೂರಿನಿಂದ ಲೋಕಸಭೆಗೆ ಆಯ್ಕೆಯಾದರು. 1967 ಮತ್ತು 1971ರಲ್ಲಿಯೂ ಗೆದ್ದರು. 1966ರ ಜನವರಿಯಲ್ಲಿ ರಚನೆಯಾದ ಆಡಳಿತ ಸುಧಾರಣಾ ಆಯೋಗಕ್ಕೆ ಮೊರಾರ್ಜಿ ದೇಸಾಯಿ ಅಧ್ಯಕ್ಷರು, ಹನುಮಂತಯ್ಯ ಸದಸ್ಯರು. 1967ರ ಮಾರ್ಚ್‌ನಲ್ಲಿ ದೇಸಾಯಿ ಉಪಪ್ರಧಾನಿಯಾದಾಗ ಅಧ್ಯಕ್ಷ ಸ್ಥಾನ ಇವರಿಗೆ ಬಂದಿತು. ಮೆರವಣಿಗೆಯಿಲ್ಲದ, ಹಾರತುರಾಯಿಯಿಲ್ಲದ ಪದವಿ ಅದು. ಕಡತಗಳು, ಅಧ್ಯಯನ ತಂಡಗಳು, ಅಧಿಕಾರಿಗಳ ಸಾಕ್ಷ್ಯ. 1970ರ ವೇಳೆಗೆ ಆಯೋಗ ಇಪ್ಪತ್ತು ವರದಿಗಳನ್ನೂ ಐನೂರಕ್ಕೂ ಮಿಕ್ಕಿದ ಶಿಫಾರಸುಗಳನ್ನೂ ಒಪ್ಪಿಸಿತು.

ಜನರಿಗೆ ಹೆಚ್ಚು ತಿಳಿಯದ ಈ ಕೆಲಸವೇ ಅವರ ದೆಹಲಿ ವಾಸದ ಗಟ್ಟಿ ಫಲವೆನ್ನಲು ಕಾರಣಗಳಿವೆ. ಕೇಂದ್ರದಲ್ಲಿ ಸಿಬ್ಬಂದಿ ವ್ಯವಹಾರಕ್ಕೆಂದೇ ಪ್ರತ್ಯೇಕ ಇಲಾಖೆ 1970ರಲ್ಲಿ ರೂಪುಗೊಂಡದ್ದು ಆಯೋಗದ ಸಲಹೆಯಿಂದ. ಲೋಕಪಾಲ, ಲೋಕಾಯುಕ್ತ ಎಂಬ ವ್ಯವಸ್ಥೆಯನ್ನು ಆಯೋಗ ಸೂಚಿಸಿದ್ದು 1966ರಲ್ಲಿ, ಹನುಮಂತಯ್ಯ ಸದಸ್ಯರಾಗಿದ್ದಾಗಲೇ. ಕರ್ನಾಟಕದಲ್ಲಿ ಲೋಕಾಯುಕ್ತ ಕಾಯ್ದೆ 1984ರಲ್ಲಿ ಬಂದಿತು. ಆಗಿನ ಮುಖ್ಯಮಂತ್ರಿ ಹೆಗಡೆಯವರು ಕನಕಪುರದ ಶಾಸಕರಾಗಿದ್ದರು. ಕೇಂದ್ರದಲ್ಲಿ ಲೋಕಪಾಲ ಕಾಯ್ದೆ ಜಾರಿಯಾಗಲು 2014ರವರೆಗೆ ಕಾಯಬೇಕಾಯಿತು.

1969ರಲ್ಲಿ ಕಾಂಗ್ರೆಸ್ ಒಡೆದಾಗ ನಿಜಲಿಂಗಪ್ಪನವರು ಒಂದು ಬಣದ ಮುಂಚೂಣಿಯಲ್ಲಿದ್ದರು. ಹನುಮಂತಯ್ಯ ಇಂದಿರಾ ಗಾಂಧಿಯವರ ಜತೆ ಉಳಿದರು. 1956ರ ಕಹಿ ಇದರಲ್ಲಿ ಎಷ್ಟು ಪಾಲು ವಹಿಸಿತ್ತೋ ಹೇಳಲಾಗದು. 1970ರಲ್ಲಿ ಕಾನೂನು ಮತ್ತು ಸಮಾಜ ಕಲ್ಯಾಣ, 1971ರ ಮಾರ್ಚ್‌ನಲ್ಲಿ ರೈಲ್ವೆ ಖಾತೆ ಅವರದಾಯಿತು. ರೈಲ್ವೆಗೆ ಆಗ ತನ್ನದೇ ಪ್ರತ್ಯೇಕ ಬಜೆಟ್ ಇದ್ದ ಕಾಲ. ಲಕ್ಷಾಂತರ ನೌಕರರು, ದೇಶವ್ಯಾಪಿ ಜಾಲ, ಪ್ರತಿ ಸಂಸದನ ಬೇಡಿಕೆ ಪಟ್ಟಿ. ಕಾಗದದ ಮೇಲೆ ಅದು ಹಳೆ ಮೈಸೂರಿನ ಮುಖ್ಯಮಂತ್ರಿಗಿರಿಗಿಂತ ಎಷ್ಟೋ ಪಟ್ಟು ಹಿರಿದು. ಆದರೆ ವಿಧಾನಸೌಧದ ನಕ್ಷೆಯನ್ನು ತಾವೇ ಬದಲಿಸಿದಂತೆ ಅಲ್ಲಿ ಯಾವುದನ್ನೂ ಬದಲಿಸುವಂತಿರಲಿಲ್ಲ. ಮೇಲೆ ಪ್ರಬಲ ಪ್ರಧಾನಿ, ಕೆಳಗೆ ತನ್ನದೇ ನಡೆಯುಳ್ಳ ರೈಲ್ವೆ ಮಂಡಳಿ. 1972ರ ಜುಲೈನಲ್ಲಿ, ಹದಿನಾರು ತಿಂಗಳಿಗೆ, ಆ ಖಾತೆಯೂ ಹೋಯಿತು. ಅದರ ನಂತರ ಅವರಿಗೆ ಯಾವ ಸಚಿವ ಸ್ಥಾನವೂ ಒಲಿಯಲಿಲ್ಲ.

ತುರ್ತು ಪರಿಸ್ಥಿತಿಯ ಬಳಿಕ ನಡೆದ 1977ರ ಚುನಾವಣೆಯಲ್ಲಿ ಕರ್ನಾಟಕದ ಬಹುತೇಕ ಎಲ್ಲ ಕ್ಷೇತ್ರಗಳೂ ಕಾಂಗ್ರೆಸ್ಸಿನ ಕೈಹಿಡಿದವು. ಬೆಂಗಳೂರು ದಕ್ಷಿಣ ಮಾತ್ರ ಹನುಮಂತಯ್ಯನವರನ್ನು ಬಿಟ್ಟು ಜನತಾ ಪಕ್ಷದ ಕೆ.ಎಸ್.ಹೆಗ್ಡೆಯವರನ್ನು ಆರಿಸಿತು. ತಾವು ಕಟ್ಟಿದ ಸೌಧದ ನೆರಳಿನ ನಗರವೇ ಅವರನ್ನು ಕೈಬಿಟ್ಟಿತು. 1980ರ ಡಿಸೆಂಬರ್ 1ರಂದು ಅವರು ನಿಧನರಾದರು.

ಅವರು ಹುಟ್ಟಿದ ಸೀಮೆ 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ರಾಜ್ಯ ಸರ್ಕಾರ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿತು. ಬೆಂಗಳೂರಿನ ಜೋಡಿ ರಸ್ತೆಯೊಂದು ಕೆಂಗಲ್ ಹೆಸರನ್ನು ಹೊತ್ತಿದೆ. ವಿಧಾನಸೌಧದ ಪಶ್ಚಿಮದ ಬಾಗಿಲಿಗೂ ಅದೇ ಹೆಸರು.