ಸಂವಿಧಾನ ಸಭೆಯಲ್ಲಿ ಮಂಗಳೂರಿನ ಒಬ್ಬ ಗುರು: ಫಾದರ್ ಜೆರೋಮ್ ಡಿಸೋಜ

ದೆಹಲಿಯಲ್ಲಿ ಕೊಬ್ಬರಿಗೆ ಬೆಂಬಲ ಬೆಲೆ ಘೋಷಣೆಯಾದರೆ ಆ ಸುದ್ದಿ ತಿಪಟೂರಿನ ಮಾರುಕಟ್ಟೆ ಪ್ರಾಂಗಣವನ್ನು ತಲುಪಲು ತಡವಾಗುವುದಿಲ್ಲ. ತಿಂಗಳುಗಟ್ಟಲೆ ಅಟ್ಟದ ಮೇಲೆ ಕಾದಿಟ್ಟ ಕಾಯಿಯನ್ನು ಈಗಲೇ ಸುಲಿಸಬೇಕೋ ಇನ್ನೂ ಕಾಯಬೇಕೋ ಎಂಬುದನ್ನು ತುರುವೇಕೆರೆಯ ರೈತನೂ ಚಿಕ್ಕನಾಯಕನಹಳ್ಳಿಯ ರೈತನೂ ಆ ಆದೇಶವನ್ನು ನೋಡಿಯೇ ನಿಶ್ಚಯಿಸುತ್ತಾರೆ. ಸರ್ಕಾರದ ಕಾಗದ ಮನೆಯ ಅಟ್ಟದವರೆಗೂ ಏರಿಬರುತ್ತದೆಂಬುದನ್ನು ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಭಾನುವಾರ ಬಲಿಪೂಜೆಗೆ ಹೋಗುವುದು, ಮಗುವಿಗೆ ದೀಕ್ಷಾಸ್ನಾನ ಕೊಡಿಸುವುದು, ನಮ್ಮದೊಂದು ಶಾಲೆ ನಡೆಸುವುದು ಕೂಡ ಅಂಥದೇ ಒಂದು ಕಾಗದದ ಆಶ್ರಯದಲ್ಲಿವೆ ಎಂಬುದು ನಮಗೆ ಅಷ್ಟಾಗಿ ನೆನಪಾಗುವುದಿಲ್ಲ. ಆ ಕಾಗದವನ್ನು ಬರೆದ ಸಭೆಯಲ್ಲಿ ಕುಳಿತಿದ್ದ ಒಬ್ಬ ಗುರುವಿನ ಜೀವನವನ್ನು ಈ ವಾರ ಸ್ಮರಿಸೋಣ.

ಯೇಸುಸಭೆಯ ಫಾದರ್ ಜೆರೋಮ್ ಡಿಸೋಜ ಮಂಗಳೂರಿನವರು, ಜನಿಸಿದ್ದು 1897ರಲ್ಲಿ. ಅವರು ಹುಟ್ಟಿದ ಸಮುದಾಯಕ್ಕೆ ಆಳುವವರ ಆಜ್ಞೆಯ ಬಿಸಿ ಎರಡು ಕಡೆಯಿಂದಲೂ ತಟ್ಟಿತ್ತು. ಗೋವೆಯಲ್ಲಿ ಪೋರ್ಚುಗೀಸರ ಕಾಲದ ಧರ್ಮವಿಚಾರಣಾ ನ್ಯಾಯಾಲಯ 1560ರಿಂದ ಜನರ ಉಡುಗೆ, ಊಟ, ಮದುವೆಯ ಹಾಡುಗಳವರೆಗೂ ಕೈಚಾಚಿತ್ತು. ಅದಕ್ಕೆ ಅಂಜಿ ದಕ್ಷಿಣಕ್ಕೆ ಬಂದ ಕುಟುಂಬಗಳೂ ಉಂಟು. ಆಂಗ್ಲರಿಗೆ ನೆರವಾದರೆಂಬ ಸಂಶಯದ ಮೇಲೆ 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕಥೋಲಿಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದನು. ಬದುಕುಳಿದವರು ಮರಳಿದ್ದು 1799ರ ನಂತರ. ಒಂದು ಆಳ್ವಿಕೆ ನಮ್ಮ ಧರ್ಮದ ಹೆಸರಿನಲ್ಲಿಯೇ ಬಲಾತ್ಕಾರ ಮಾಡಿತು. ಇನ್ನೊಂದು ಆಳ್ವಿಕೆ ಆ ಧರ್ಮದವರನ್ನೇ ಸೆರೆಯಲ್ಲಿಟ್ಟಿತು. ಎರಡನೆಯದನ್ನು ನೆನೆಯುವವರು ಮೊದಲನೆಯದನ್ನೂ ಮರೆಯಬಾರದು.

ಸಂತ ಅಲೋಶಿಯಸ್ ಕಾಲೇಜು, ಬಳಿಕ ತಿರುಚಿನಾಪಳ್ಳಿಯ ಸಂತ ಜೋಸೆಫರ ಕಾಲೇಜು, ಆನಂತರ ಯುರೋಪಿನಲ್ಲಿ ದೇವಶಾಸ್ತ್ರ, ಹೀಗೆ ಅವರ ವಿದ್ಯಾಭ್ಯಾಸ ಸಾಗಿತು. ಇಂಗ್ಲಿಷ್ ಮತ್ತು ಫ್ರೆಂಚ್ ಎರಡರಲ್ಲೂ ನಿರರ್ಗಳವಾಗಿ ಮಾತನಾಡಬಲ್ಲವರಾಗಿದ್ದರು. 1940ರ ದಶಕದಲ್ಲಿ ಮದರಾಸಿನ ಲೊಯೋಲಾ ಕಾಲೇಜಿನ ಪ್ರಾಂಶುಪಾಲರಾಗಿದ್ದಾಗಲೇ, 1946ರಲ್ಲಿ, ಮದರಾಸು ಪ್ರಾಂತ್ಯದಿಂದ ಸಂವಿಧಾನ ಸಭೆಗೆ ಆಯ್ಕೆಯಾದರು. ಆಗ ಮಂಗಳೂರು ಮದರಾಸಿಗೆ ಸೇರಿತ್ತು; ನಮ್ಮ ತಿಪಟೂರು ಮೈಸೂರು ಮಹಾರಾಜರ ಸಂಸ್ಥಾನದಲ್ಲಿತ್ತು.

ಸಭೆಯ ಮುಂದಿದ್ದ ಕಠಿಣ ಪ್ರಶ್ನೆಗಳಲ್ಲಿ ಅಲ್ಪಸಂಖ್ಯಾತರ ಪ್ರಶ್ನೆಯೂ ಒಂದು. 1919ರ ಸುಧಾರಣೆಗಳಿಂದ ಮದರಾಸಿನ ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರ ದೊರೆತಿತ್ತು, ಅಂದರೆ ಕ್ರೈಸ್ತ ಮತದಾರರು ಕ್ರೈಸ್ತ ಪ್ರತಿನಿಧಿಯನ್ನು ಆರಿಸುವ ವ್ಯವಸ್ಥೆ. 1948ರ ಕರಡು ಸಂವಿಧಾನ ಪ್ರತ್ಯೇಕ ಮತಕ್ಷೇತ್ರವನ್ನು ಕೈಬಿಟ್ಟಿತಾದರೂ ಮದರಾಸು, ಮುಂಬಯಿಗಳಲ್ಲಿ ಕ್ರೈಸ್ತರಿಗೆ ಮೀಸಲು ಸ್ಥಾನಗಳನ್ನು ಉಳಿಸಿತ್ತು. 1949ರ ಮೇ ತಿಂಗಳಲ್ಲಿ ಅದನ್ನೂ ಬಿಡುವ ಪ್ರಸ್ತಾಪ ಬಂತು. ಸಭೆಯ ಉಪಾಧ್ಯಕ್ಷರಾಗಿದ್ದ ಬಂಗಾಳದ ಕ್ರೈಸ್ತ ಹರೇಂದ್ರಕುಮಾರ ಮುಖರ್ಜಿ ಬೆಂಬಲಿಸಿದರು; ಫಾದರ್ ಜೆರೋಮ್ ಸಹ ಬೆಂಬಲಿಸಿದರು. ಕೈಯಲ್ಲಿದ್ದುದನ್ನು ಬಿಟ್ಟುಕೊಟ್ಟು ನೆರೆಯವರ ಸದ್ಭಾವನೆಯನ್ನು ನೆಚ್ಚಬೇಕೆ ಎಂಬ ಅಳುಕು ಅಂದು ಸಹಜವಾದದ್ದೇ.

ನಮ್ಮ ತೆಂಗಿನ ಸೀಮೆಯಲ್ಲಿ ನಿಂತು ನೋಡಿದರೆ ಅವರ ನಿರ್ಧಾರದ ಅರ್ಥ ಹೆಚ್ಚು ಸ್ಪಷ್ಟವಾಗುತ್ತದೆ. ಪಟ್ಟಣದ ಒಂದು ಬೀದಿಯಲ್ಲಿ ನಾಲ್ಕು ಮನೆ, ಎಲ್ಲೋ ಒಂದು ಹಳ್ಳಿಯಲ್ಲಿ ಎರಡು ಮನೆ ಎಂಬಂತೆ ಚದುರಿರುವ ನಮ್ಮವರಿಗೆ ದೂರದ ಶಾಸನ ಸಭೆಯ ಒಂದು ಮೀಸಲು ಪೀಠದಿಂದ ಏನು ಒದಗೀತು? ಅದು ಗೆದ್ದವನಿಗೆ ಪೀಠ, ಉಳಿದವರಿಗೆ ಬೇಲಿ. ಮೂಲಭೂತ ಹಕ್ಕಾದರೋ ಒಂಟಿ ಮನೆಯವನಿಗೂ ಸಮಾನವಾಗಿ ಸಲ್ಲುತ್ತದೆ. ಅದನ್ನು ಬೇಡಲು ಎಣಿಕೆಯ ಬಲ ಬೇಕಾಗಿಲ್ಲ. ನನ್ನ ಮಟ್ಟಿಗೆ ಆ ಆಯ್ಕೆ ಸರಿಯಾದದ್ದೇ.

ಧರ್ಮ ಸ್ವಾತಂತ್ರ್ಯದ ವಿಧಿಯಲ್ಲಿ, ಈಗಿನ 25ನೆಯ ವಿಧಿಯಲ್ಲಿ, ಧರ್ಮವನ್ನು ಅವಲಂಬಿಸುವ, ಆಚರಿಸುವ ಹಕ್ಕಿನ ಜೊತೆಗೆ ಪ್ರಚಾರ ಮಾಡುವ ಹಕ್ಕೂ ಸೇರಿದ್ದು 1948ರ ಡಿಸೆಂಬರ್‌ನಲ್ಲಿ. ಆ ಒಂದು ಪದದ ಪರವಾಗಿ ವಾದಿಸಿದವರಲ್ಲಿ ಕೆ. ಎಂ. ಮುನ್ಶಿ ಮತ್ತು ಟಿ. ಟಿ. ಕೃಷ್ಣಮಾಚಾರಿ ಇದ್ದರು, ಇಬ್ಬರೂ ಹಿಂದೂಗಳು. ಅಲ್ಪಸಂಖ್ಯಾತರೊಡನೆ ಆದ ಒಡಂಬಡಿಕೆಯನ್ನು ಪಾಲಿಸಬೇಕೆಂಬುದು ಮುನ್ಶಿಯವರ ನಿಲುವಾಗಿತ್ತು. ಫಾದರ್ ಜೆರೋಮ್ ನೆಚ್ಚಿದ ಸದ್ಭಾವನೆ ಬರಿಯ ಕಲ್ಪನೆಯಲ್ಲವೆಂಬುದಕ್ಕೆ ಇದು ಸಾಕ್ಷಿ.

ಆದರೆ ಹಕ್ಕು ಬರೆದ ಕೈ ಒಂದಾದರೆ, ಅದನ್ನು ಅಳೆದು ಕೊಡುವ ಕೈ ಇನ್ನೊಂದು. ಸಂವಿಧಾನ ಜಾರಿಗೆ ಬಂದ ವರ್ಷವೇ, 1950ರ ಆಗಸ್ಟ್‌ನಲ್ಲಿ, ರಾಷ್ಟ್ರಪತಿಗಳ ಆದೇಶವೊಂದು ಹೊರಟಿತು. ಹಿಂದೂ ಧರ್ಮವನ್ನು ಬಿಟ್ಟು ಬೇರೆ ಧರ್ಮವನ್ನು ಅವಲಂಬಿಸುವವರು ಪರಿಶಿಷ್ಟ ಜಾತಿಯವರೆನಿಸುವುದಿಲ್ಲವೆಂದು ಅದರ ಮೂರನೆಯ ಕಂಡಿಕೆ ಹೇಳಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಬಾಗಿಲು ತೆರೆಯಿತು. ದಲಿತ ಕ್ರೈಸ್ತರಿಗೆ ತೆರೆಯಲಿಲ್ಲ. ಕರ್ನಾಟಕದಲ್ಲಿ ಅವರನ್ನು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಸೇರಿಸಲಾಗಿದೆ, ಉಳಿದ ಕ್ರೈಸ್ತರನ್ನು 3ಬಿಯಲ್ಲಿ. ಹೀಗಾಗಿ ಮಗಳನ್ನು ಕಾಲೇಜಿಗೆ ಸೇರಿಸಲು ನಾಡಕಚೇರಿಯ ಮುಂದೆ ಸರದಿಯಲ್ಲಿ ನಿಂತ ತಂದೆಗೆ ಧರ್ಮ ಸ್ವಾತಂತ್ರ್ಯವೆಂಬುದು ಜಾತಿ ಪ್ರಮಾಣಪತ್ರದ ಒಂದು ಅಂಕಣವಾಗಿ ಎದುರಾಗುತ್ತದೆ. ದೀಕ್ಷಾಸ್ನಾನದ ವಹಿಯಲ್ಲಿ ಹೆಸರಿದ್ದರೆ ಒಂದು ಸೌಲಭ್ಯ, ಇಲ್ಲದಿದ್ದರೆ ಇನ್ನೊಂದು. ಯಾರೂ ಬಲವಂತ ಮಾಡಿಲ್ಲ, ಯಾವ ಸೆರೆಮನೆಯೂ ಇಲ್ಲ. ಆದರೂ ಮನಸ್ಸಾಕ್ಷಿಯ ಮೇಲೆ ಒಂದು ಸುಂಕ ಬಿದ್ದಿದೆ. ಮೀಸಲು ಸ್ಥಾನದ ವಿಷಯವೇ ಬೇರೆ, ಇದೇ ಬೇರೆ, ನಿಜ. ಆದರೆ ಅಂದಿನ ನಮ್ಮ ಮುಂದಾಳುಗಳು ಬಹುಮಟ್ಟಿಗೆ ವಿದ್ಯಾವಂತ ಮನೆತನಗಳಿಂದ ಬಂದವರೆಂಬುದನ್ನೂ ಧರ್ಮಸಭೆಯೊಳಗೇ ಜಾತಿಯ ಸಾಲುಗಳಿದ್ದವೆಂಬುದನ್ನೂ ನಾವು ಮುಚ್ಚಿಡಲಾಗದು.

1951ರಲ್ಲಿ ಫಾದರ್ ಜೆರೋಮ್ ಪುಣೆಯಲ್ಲಿ ಒಂದು ಸಾಮಾಜಿಕ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದರು. ಮುಂದೆ ದೆಹಲಿಗೆ ಸ್ಥಳಾಂತರವಾಗಿ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್ ಎಂದು ಹೆಸರಾದದ್ದು ಅದೇ. ವಿಶ್ವಸಂಸ್ಥೆಯ ಮಹಾಸಭೆಗೆ ಭಾರತದ ನಿಯೋಗದಲ್ಲಿ 1949ರಿಂದ ಹಲವು ಬಾರಿ ಹೋಗಿಬಂದರು. 1957ರಲ್ಲಿ ಯೇಸುಸಭೆಯ ಮಹಾಶ್ರೇಷ್ಠರ ಸಹಾಯಕರಾಗಿ ರೋಮಿಗೆ ತೆರಳಿದರು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಧರ್ಮ ಸ್ವಾತಂತ್ರ್ಯದ ಘೋಷಣೆಯನ್ನು ಹೊರಡಿಸಿತು. ಮನಸ್ಸಾಕ್ಷಿಯನ್ನು ರಾಜ್ಯಶಕ್ತಿ ಬಲವಂತ ಮಾಡಬಾರದು, ಆ ಹಕ್ಕು ಮನುಷ್ಯನ ಘನತೆಯಲ್ಲಿಯೇ ಬೇರೂರಿದೆ ಎಂಬುದು ಅದರ ಸಾರ. ಕಾನೂನೆಂಬುದು ಸರ್ವರ ಹಿತಕ್ಕಾಗಿ ವಿವೇಕವು ರಚಿಸುವ ವ್ಯವಸ್ಥೆಯೆಂದು ಸಂತ ಥಾಮಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲಿಯೇ ಬೋಧಿಸಿದ್ದರೂ ಧರ್ಮಸಭೆ ಇಷ್ಟು ನೇರವಾಗಿ ನುಡಿಯಲು ಅಷ್ಟು ಕಾಲ ಹಿಡಿಯಿತು. ಭಾರತದ ಸಂವಿಧಾನ ಹದಿನೈದು ವರ್ಷ ಮುಂಚೆಯೇ ಅದನ್ನು ಬರೆದಿಟ್ಟಿತ್ತು!

1977ರ ಜನವರಿಯಲ್ಲಿ, ತುರ್ತು ಪರಿಸ್ಥಿತಿ ಇನ್ನೂ ಜಾರಿಯಲ್ಲಿದ್ದಾಗ, ಸುಪ್ರೀಂ ಕೋರ್ಟು ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಮಧ್ಯಪ್ರದೇಶ, ಒರಿಸ್ಸಾಗಳ ಮತಾಂತರ ಕಾನೂನುಗಳನ್ನು ಎತ್ತಿಹಿಡಿಯಿತು. ಪ್ರಚಾರ ಮಾಡುವ ಹಕ್ಕಿನಲ್ಲಿ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಅಡಗಿಲ್ಲವೆಂದು ತೀರ್ಮಾನವಾಯಿತು. ಅದೇ ವರ್ಷ ಫಾದರ್ ಜೆರೋಮ್ ನಿಧನರಾದರು. ಕರ್ನಾಟಕದಲ್ಲಿ ಅಂಥ ಕಾನೂನು ಬಂದದ್ದು 2022ರಲ್ಲಿ. ಧರ್ಮ ಬದಲಿಸಬಯಸುವವನು ಮೂವತ್ತು ದಿನ ಮುಂಚಿತವಾಗಿ ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕು, ಅದರ ಮೇಲೆ ಆಕ್ಷೇಪಣೆಗಳನ್ನು ಕರೆಯಬೇಕು ಎಂದು ಅದು ವಿಧಿಸಿತು. 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಅದನ್ನು ರದ್ದುಪಡಿಸುವ ನಿರ್ಧಾರ ಪ್ರಕಟಿಸಿತು.

ಫಾದರ್ ಜೆರೋಮ್ ಅವರ ಭಾಷಣಗಳು ಸಂವಿಧಾನ ಸಭೆಯ ನಡವಳಿಗಳ ಸಂಪುಟಗಳಲ್ಲಿ ಅಚ್ಚಾಗಿವೆ. ಕಾನೂನು ಓದುತ್ತಿರುವ ನಮ್ಮ ಮನೆಗಳ ಮಕ್ಕಳು 1949ರ ಮೇ ತಿಂಗಳ ಪುಟಗಳಿಂದ ಆರಂಭಿಸಬಹುದು.