1911ರ ಹಿಂದಿನ ಮನುಷ್ಯ

ಮೊಬೈಲಿನಲ್ಲಿ ಬಿಜಿಎಂಐ ಆಡುವವರಿಗೆ ಪಿ1911 ಎಂಬ ಪಿಸ್ತೂಲು ಗೊತ್ತಿರುತ್ತದೆ. ಒಳ್ಳೆಯ ರೈಫಲ್ ಸಿಗುವವರೆಗೆ ಕೈಯಲ್ಲಿರಲಿ ಎಂದು ಎತ್ತಿಕೊಂಡು, ಸಿಕ್ಕ ಕೂಡಲೇ ಮರೆತುಬಿಡುವ ಆಯುಧ ಅದು. ನಮ್ಮ ಸುಳ್ಳದಲ್ಲಿ ಸಂಜೆ ಕಟ್ಟೆಯ ಮೇಲೆ ಕೂತು ಈ ಆಟ ಆಡುವ ಹುಡುಗರಲ್ಲಿ ಹಲವರು ಬೆಳಗಿನ ಜಾವ ಸೇನಾ ಭರ್ತಿಗೆಂದು ಊರ ಹೊರಗಿನ ರಸ್ತೆಯಲ್ಲಿ ಓಡುವವರೇ. ನಾನೂ ಅವರಲ್ಲೊಬ್ಬ. 1911 ಎಂಬುದು ಒಂದು ಇಸವಿ, ಒಂದು ಸೈನ್ಯ ಆ ವರ್ಷ ಆ ಪಿಸ್ತೂಲನ್ನು ಒಪ್ಪಿಕೊಂಡಿತು ಎಂದು ತಿಳಿದ ಮೇಲೆ, ಅದನ್ನು ಮಾಡಿದವನ ಬದುಕನ್ನು ಓದತೊಡಗಿದೆ. ಆತನ ಹೆಸರು ಜಾನ್ ಮೋಸಸ್ ಬ್ರೌನಿಂಗ್.

ಬ್ರೌನಿಂಗ್ ಹುಟ್ಟಿದ್ದು 1855ರ ಜನವರಿ 23ರಂದು, ಅಮೆರಿಕದ ಯೂಟಾ ಪ್ರಾಂತ್ಯದ ಆಗ್ಡೆನ್ ಎಂಬ ಸಣ್ಣ ಊರಿನಲ್ಲಿ. ತಂದೆ ಜೊನಾಥನ್ ಬಂದೂಕು ರಿಪೇರಿ ಮಾಡುತ್ತಿದ್ದವರು. ಅವರಿಗೆ ಒಟ್ಟು 22 ಮಕ್ಕಳು. ನಮ್ಮೂರಲ್ಲಿ ಮುಂಗಾರಿಗೆ ಮುಂಚೆ ಕೂರಿಗೆ, ಕುಂಟೆ ಹಿಡಿದುಕೊಂಡು ರೈತರು ಕಮ್ಮಾರನ ಕುಲುಮೆಗೆ ಹೋಗುವಂತೆ ಆ ಊರಿನವರು ಜೊನಾಥನ್ ಅಂಗಡಿಗೆ ಬರುತ್ತಿದ್ದರು. ಹುಡುಗ ಜಾನ್ ಆಡಿದ್ದು, ಕಲಿತದ್ದು ಆ ಅಂಗಡಿಯ ತುಕ್ಕು ಹಿಡಿದ ಕಬ್ಬಿಣದ ರಾಶಿಯಲ್ಲೇ. ಹತ್ತರ ಆಸುಪಾಸಿನಲ್ಲೇ ಗುಜರಿ ಸಾಮಾನಿನಿಂದ ಒಂದು ಬಂದೂಕು ಜೋಡಿಸಿದನಂತೆ. ಶಾಲೆ ಹದಿಹರೆಯದಲ್ಲೇ ಮುಗಿಯಿತು. ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲನ್ನು ಆತ ಹತ್ತಲೇ ಇಲ್ಲ.

1879ರಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಅಕ್ಟೋಬರಿನಲ್ಲಿ ಆತನಿಗೆ ಮೊದಲ ಪೇಟೆಂಟ್ ದೊರೆಯಿತು. ಒಂದು ಸಲಕ್ಕೆ ಒಂದೇ ಗುಂಡು ಹಾರಿಸುವ ರೈಫಲ್ ಅದು. ತಮ್ಮಂದಿರ ಜೊತೆ ಸೇರಿ ಸಣ್ಣ ಕಾರ್ಖಾನೆ ಹಾಕಿ ಅದನ್ನು ಮಾರತೊಡಗಿದ. ಅದರ ಸುದ್ದಿ ವಿಂಚೆಸ್ಟರ್ ಎಂಬ ದೊಡ್ಡ ಕಂಪನಿಗೆ ತಲುಪಿ, 1883ರಲ್ಲಿ ಅವರೇ ಆಗ್ಡೆನ್‌ಗೆ ಬಂದು 8,000 ಡಾಲರ್ ಕೊಟ್ಟು ಹಕ್ಕು ಕೊಂಡರು. ಮುಂದೆ ಸುಮಾರು ಎರಡು ದಶಕ ಆತ ವಿನ್ಯಾಸ ಮಾಡಿಕೊಟ್ಟ, ಕಂಪನಿ ಕೊಳ್ಳುತ್ತ ಹೋಯಿತು. ಕೊಂಡ ಎಷ್ಟೋ ವಿನ್ಯಾಸಗಳನ್ನು ಅದು ತಯಾರಿಸಲೇ ಇಲ್ಲ. ಬೇರೆ ಕಂಪನಿಯವರ ಕೈಗೆ ಸಿಗಬಾರದು, ಅಷ್ಟೇ.

ಈ ನಡುವೆ ಒಂದು ಸಣ್ಣ ಸಂಗತಿ ಆತನ ಕಣ್ಣಿಗೆ ಬಿತ್ತು. ಗೆಳೆಯನೊಬ್ಬ ಗುಂಡು ಹೊಡೆದಾಗಲೆಲ್ಲ ನಳಿಕೆಯ ಮುಂದಿನ ಹುಲ್ಲು ಬಾಗುತ್ತಿತ್ತು. ಅಲ್ಲಿದ್ದ ಎಲ್ಲರೂ ಅದನ್ನು ನೋಡಿದ್ದರು. ವ್ಯರ್ಥವಾಗಿ ಹೋಗುವ ಆ ಶಕ್ತಿಯಿಂದಲೇ ಮುಂದಿನ ಗುಂಡನ್ನು ತುಂಬಿಸಿಕೊಳ್ಳಬಹುದಲ್ಲ ಎಂದು ಯೋಚಿಸಿದವನು ಬ್ರೌನಿಂಗ್. ಆತನ ಮೆಷಿನ್‌ಗನ್ ಹುಟ್ಟಿದ್ದು ಅಲ್ಲಿಂದ. ಗುಂಡಿನ ಹಿಮ್ಮೆಟ್ಟುವ ಬಲವನ್ನು ಬಳಸಿಕೊಳ್ಳುವ ಆತನ ಪಿಸ್ತೂಲುಗಳೂ ಅದೇ ಯೋಚನೆಯ ಮುಂದುವರಿಕೆ.

1902ರಲ್ಲಿ ವಿಂಚೆಸ್ಟರ್ ಜೊತೆಗಿನ ನಂಟು ಮುರಿಯಿತು. ತಾನಾಗಿ ಗುಂಡು ತುಂಬಿಕೊಳ್ಳುವ ಹೊಸ ಬಂದೂಕಿಗೆ ಆತ ಇಡೀ ಮೊತ್ತದ ಬದಲು ಮಾರಾಟದಲ್ಲಿ ಪಾಲು ಕೇಳಿದ, ಕಂಪನಿ ಒಪ್ಪಲಿಲ್ಲ. ಅದೇ ಬಂದೂಕು ಹಿಡಿದು ರೆಮಿಂಗ್ಟನ್ ಕಂಪನಿಗೆ ಹೋದ. ಭೇಟಿಯಾಗಬೇಕಿದ್ದ ಅಧ್ಯಕ್ಷ ಮಾರ್ಸೆಲಸ್ ಹಾರ್ಟ್ಲಿ ಅದೇ ದಿನ ಹೃದಯಾಘಾತದಿಂದ ತೀರಿಕೊಂಡರು. ನಲವತ್ತೇಳರ ವಯಸ್ಸಿನ ಆ ಮನುಷ್ಯ ಎದೆಗುಂದದೆ ಹಡಗು ಹತ್ತಿ ಬೆಲ್ಜಿಯಂಗೆ ಹೋದ. ಅಲ್ಲಿನ ಎಫ್‌ಎನ್ ಕಾರ್ಖಾನೆ ಆ ಬಂದೂಕನ್ನು ತಯಾರಿಸಿತು.

ಇನ್ನು ಪಿಸ್ತೂಲಿನ ಕಥೆ. 1898ರ ಯುದ್ಧದ ಬಳಿಕ ಫಿಲಿಪ್ಪೀನ್ಸ್ ದ್ವೀಪಗಳನ್ನು ಅಮೆರಿಕ ವಶಪಡಿಸಿಕೊಂಡಿತು. ಅಲ್ಲಿನ ಮೊರೊ ಹೋರಾಟಗಾರರು ಗುಂಡು ತಗುಲಿದರೂ ಕತ್ತಿ ಹಿಡಿದು ಮುನ್ನುಗ್ಗುತ್ತಿದ್ದರು. ಅಮೆರಿಕದ ಅಧಿಕಾರಿಗಳ ಬಳಿ ಇದ್ದ 0.38 ಇಂಚಿನ ರಿವಾಲ್ವರ್ ಸಾಲದಾಯಿತು. ಇದನ್ನು ಓದುವಾಗ ನನಗೆ ಹಲಗಲಿಯ ಬೇಡರು ನೆನಪಾದರು. 1857ರಲ್ಲಿ ಆಯುಧ ಒಪ್ಪಿಸಿ ಎಂಬ ಬ್ರಿಟಿಷರ ಕಾನೂನಿಗೆ ಮಣಿಯದೆ ಹೋರಾಡಿ ಮಡಿದವರು ಅವರು. ಆಯುಧದ ಚರಿತ್ರೆಯನ್ನು ಮಾಡಿದವರ ಕಡೆಯಿಂದ ಮಾತ್ರ ಓದಿದರೆ ಅರ್ಧ ಮಾತ್ರ ಓದಿದಂತೆ.

1904ರ ಪರೀಕ್ಷೆಗಳ ನಂತರ 0.45 ಇಂಚಿನ ಗುಂಡೇ ಬೇಕೆಂದು ಸೈನ್ಯ ತೀರ್ಮಾನಿಸಿತು. 1907ರ ಸ್ಪರ್ಧೆಗೆ ಜರ್ಮನಿಯ ಲೂಗರ್ ಸೇರಿದಂತೆ ಹಲವು ಪಿಸ್ತೂಲುಗಳು ಬಂದವು. ಕೊನೆಗೆ ಉಳಿದವು ಎರಡು: ಸ್ಯಾವೇಜ್ ಕಂಪನಿಯದು, ಬ್ರೌನಿಂಗ್ ವಿನ್ಯಾಸ ಮಾಡಿದ ಕೋಲ್ಟ್ ಕಂಪನಿಯದು. ಸೈನಿಕರ ಕೈಗೆ ಕೊಟ್ಟು ನೋಡಿದಾಗ ಎರಡರಲ್ಲೂ ದೋಷ ಕಂಡಿತು. ಬ್ರೌನಿಂಗ್ ಬಿಚ್ಚಿ ತಿದ್ದಿದ. ಮತ್ತೆ ಪರೀಕ್ಷೆ, ಮತ್ತೆ ತಿದ್ದುಪಡಿ. ಹೀಗೆ ನಾಲ್ಕು ವರ್ಷ ಕಳೆಯಿತು. 1911ರ ಮಾರ್ಚಿನಲ್ಲಿ ಅಂತಿಮ ಪರೀಕ್ಷೆ. ಒಂದೇ ಪಿಸ್ತೂಲಿನಿಂದ 6,000 ಗುಂಡು ಹಾರಿಸಬೇಕು. ಕಾದು ಕೆಂಡವಾದರೆ ನೀರಿನಲ್ಲಿ ಅದ್ದಿ ಮುಂದುವರಿಸಿದರು. ಮರಳು, ಕೆಸರು, ತುಕ್ಕಿನ ಪರೀಕ್ಷೆಯೂ ಆಯಿತು. ಸ್ಯಾವೇಜ್ 37 ಸಲ ಕೈಕೊಟ್ಟಿತು. ಬ್ರೌನಿಂಗ್‌ನದು ಒಮ್ಮೆಯೂ ಇಲ್ಲ. ಮಾರ್ಚ್ 29ರಂದು ಸೈನ್ಯ ಅದನ್ನು ಒಪ್ಪಿಕೊಂಡಿತು.

ಒಂದು ಸೈನ್ಯ ಪಿಸ್ತೂಲು ಬದಲಿಸುವುದೆಂದರೆ ಅಂಗಡಿಯಲ್ಲಿ ಹೊಸ ಮೊಬೈಲು ಕೊಂಡಂತಲ್ಲ. ಗುಂಡು, ಬಿಡಿಭಾಗ, ತರಬೇತಿ ಎಲ್ಲವೂ ಬದಲಾಗಬೇಕು. ಒಂದರ ಭಾಗ ಇನ್ನೊಂದಕ್ಕೆ ಹೊಂದಬೇಕು. ಕತ್ತಲಲ್ಲೂ ಸೈನಿಕ ಅದನ್ನು ಬಿಚ್ಚಿ ಜೋಡಿಸುವಂತಿರಬೇಕು. ಹಾಗಾಗಿಯೇ ಒಮ್ಮೆ ಒಪ್ಪಿಕೊಂಡದ್ದು ಬಹುಕಾಲ ಉಳಿಯುತ್ತದೆ. 1985ರಲ್ಲಿ ಇಟಲಿಯ ಬೆರೆಟ್ಟಾ ಬರುವವರೆಗೆ, ಅಂದರೆ 74 ವರ್ಷ, ಆ ಸೈನ್ಯದ ಅಧಿಕೃತ ಪಿಸ್ತೂಲು ಅದೇ ಆಗಿತ್ತು.

ಬ್ರೌನಿಂಗ್ ಮಾಡಿದ ಆಯುಧಗಳು ಯಾರ ಕೈ ಸೇರುತ್ತವೆ ಎಂಬುದು ಆತನ ಹಿಡಿತದಲ್ಲಿರಲಿಲ್ಲ. 1914ರಲ್ಲಿ ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನನ್ನು ಕೊಂದು ಮೊದಲ ಮಹಾಯುದ್ಧಕ್ಕೆ ಕಿಡಿ ಹೊತ್ತಿಸಿದ್ದು ಆತನ ವಿನ್ಯಾಸದ ಪಿಸ್ತೂಲೇ. 1931ರ ಫೆಬ್ರುವರಿ 27ರಂದು ಅಲಹಾಬಾದಿನ ಆಲ್‌ಫ್ರೆಡ್ ಪಾರ್ಕಿನಲ್ಲಿ ಪೊಲೀಸರು ಸುತ್ತುವರಿದಾಗ ಚಂದ್ರಶೇಖರ ಆಜಾದರ ಕೈಯಲ್ಲಿದ್ದದ್ದೂ ಆತ ವಿನ್ಯಾಸ ಮಾಡಿದ ಕೋಲ್ಟ್. ಅದು ಇಂದಿಗೂ ಅಲಹಾಬಾದ್ ಮ್ಯೂಸಿಯಂನಲ್ಲಿದೆ. ಒಬ್ಬನೇ ಕುಶಲಕರ್ಮಿ, ಆದರೆ ಆಯುಧ ಹಿಡಿದ ಪ್ರತಿ ಕೈಯ ಉದ್ದೇಶವೂ ಬೇರೆ. ಸೇನೆಗೆ ಸೇರಲು ಹೊರಟ ನಾವು ಓಟದ ಸಮಯ, ಎದೆಯ ಸುತ್ತಳತೆಗಳ ಜೊತೆ ಈ ಮಾತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆಯುಧ ಕೈಗೆ ಬರುವ ಮೊದಲೇ ಯಾಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಇರಬೇಕು.

128 ಪೇಟೆಂಟ್ ಪಡೆದ ಬ್ರೌನಿಂಗ್ 1926ರ ನವೆಂಬರ್ 26ರಂದು ಬೆಲ್ಜಿಯಂನ ಅದೇ ಎಫ್‌ಎನ್ ಕಾರ್ಖಾನೆಯಲ್ಲಿ ಕೆಲಸದ ನಡುವೆಯೇ ಹೃದಯ ನಿಂತು ತೀರಿಕೊಂಡ. ವಯಸ್ಸು 71. ಆಗ ಕೈಯಲ್ಲಿದ್ದ ಹೊಸ ಪಿಸ್ತೂಲು ಅರ್ಧಕ್ಕೇ ನಿಂತಿತ್ತು. ಡ್ಯೂಡೊನೆ ಸೈವ್ ಎಂಬ ಸಹೋದ್ಯೋಗಿ ಅದನ್ನು ವರ್ಷಗಟ್ಟಲೆ ತಿದ್ದಿ, 1935ರಲ್ಲಿ ಬೆಲ್ಜಿಯಂ ಸೈನ್ಯ ಒಪ್ಪಿಕೊಳ್ಳುವಂತೆ ಮಾಡಿದ. ಮ್ಯಾಗಜಿನ್‌ನಲ್ಲಿ 13 ಗುಂಡು ಹಿಡಿಯುವ ಅದರ ಹೆಸರು ಹೈ-ಪವರ್. ನಮ್ಮ ದೇಶದ ಇಛಾಪುರ ರೈಫಲ್ ಕಾರ್ಖಾನೆಯಲ್ಲಿ ತಯಾರಾಗಿ ಭಾರತೀಯ ಸೇನೆ ಬಳಸುತ್ತ ಬಂದ 9 ಎಂಎಂ ಪಿಸ್ತೂಲು ಇದರದೇ ರೂಪ. ಬೆಳಗಾವಿಯ ಮರಾಠಾ ರೆಜಿಮೆಂಟಲ್ ಸೆಂಟರಿಗೆ ಭರ್ತಿಯಾಗುವ ನಮ್ಮ ಭಾಗದ ಹುಡುಗರ ಕೈಗೆ ಮೊದಲು ಬರುವುದು ರೈಫಲ್ಲೇ. ಆದರೆ ಅವರ ಅಧಿಕಾರಿಯ ಸೊಂಟದಲ್ಲಿ ಆಗ್ಡೆನ್‌ನ ಆ ರಿಪೇರಿ ಅಂಗಡಿಯ ಹುಡುಗನ ಯೋಚನೆ ಇರಬಹುದು.

ಸಪ್ತಾಪುರದ ಕೋಚಿಂಗ್ ರೂಮುಗಳಲ್ಲಿ ನಾವು ಇದು ಎಷ್ಟನೇ ಅಟೆಂಪ್ಟ್ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತೇವೆ. ಕೇಳುವಾಗ ದನಿ ತಾನಾಗಿಯೇ ತಗ್ಗುತ್ತದೆ. ಬ್ರೌನಿಂಗ್‌ನ ಪಿಸ್ತೂಲು ಮೊದಲ ಪರೀಕ್ಷೆಯಲ್ಲಿ ಗೆದ್ದದ್ದಲ್ಲ. ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ನೋಡಿ, ಆ ಭಾಗವನ್ನಷ್ಟೇ ತಿದ್ದಿಕೊಂಡು ಆತ ಮುಂದಿನ ಪರೀಕ್ಷೆಗೆ ಬರುತ್ತಿದ್ದ. ಎಷ್ಟನೇ ಸಲ ಎಂಬುದಕ್ಕಿಂತ ಈ ಸಲ ಏನು ತಿದ್ದಿಕೊಂಡು ಬಂದೆವು ಎಂದು ಕೇಳಿಕೊಳ್ಳುವುದು ನಮಗೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.