ತಾವು ಬಿಡಿಸಿದ ರಾಜ್ಯವನ್ನೇ ಬೇಡವೆಂದ ಸಂನ್ಯಾಸಿ: ಸ್ವಾಮಿ ರಮಾನಂದ ತೀರ್ಥರು

ಹೈದರಾಬಾದ್ ಸಂಸ್ಥಾನದ ವಿಮೋಚನೆಯ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವ ಹೆಸರು ಸ್ವಾಮಿ ರಮಾನಂದ ತೀರ್ಥರದು. ಮರಾಠವಾಡದವರು ಅವರನ್ನು ತಮ್ಮವರೆನ್ನುತ್ತಾರೆ. ನಾಂದೇಡದ ವಿಶ್ವವಿದ್ಯಾಲಯಕ್ಕೆ ಅವರ ಹೆಸರೇ ಇದೆ. ಆದರೆ ಅವರು ಜನಿಸಿದ್ದು ವಿಜಾಪುರ ಜಿಲ್ಲೆಯ ಸಿಂದಗಿ ಸೀಮೆಯಲ್ಲಿ, 1903ರ ಅಕ್ಟೋಬರ್ 3ರಂದು. ಪೂರ್ವಾಶ್ರಮದ ಹೆಸರು ವೆಂಕಟೇಶ ಖೇಡಗೀಕರ. ಕನ್ನಡ ನೆಲದಲ್ಲಿ ಹುಟ್ಟಿ, ಮರಾಠವಾಡದ ಹಿಪ್ಪರಗಾ ಹಾಗೂ ಅಂಬಾಜೋಗಾಯಿಯ ಶಾಲೆಗಳಲ್ಲಿ ಪಾಠ ಹೇಳಿ, ಕೊನೆಗೆ ಹೈದರಾಬಾದ್ ನಗರವನ್ನೇ ಕರ್ಮಭೂಮಿಯಾಗಿಸಿಕೊಂಡವರು ಅವರು. ಸಂಸ್ಥಾನದ ಮೂರು ಭಾಷಾಪ್ರದೇಶಗಳನ್ನೂ ಒಳಗಿನಿಂದ ಅರಿತ ನಾಯಕರು ಆ ಕಾಲದಲ್ಲಿ ವಿರಳ.

ಆಗಿನ ಸಂಸ್ಥಾನದಲ್ಲಿ ತೆಲುಗು, ಮರಾಠಿ, ಕನ್ನಡ ಭಾಷಿಕರು ಬಹುಸಂಖ್ಯೆಯಲ್ಲಿದ್ದರೂ ಆಡಳಿತ ಮತ್ತು ಉನ್ನತ ಶಿಕ್ಷಣದ ಭಾಷೆ ಉರ್ದುವಾಗಿತ್ತು. ಬೀದರ್, ಗುಲ್ಬರ್ಗಾ, ರಾಯಚೂರುಗಳ ಹುಡುಗನೊಬ್ಬ ಕನ್ನಡದಲ್ಲಿ ಓದಬೇಕೆಂದರೆ ಪಟ್ಟ ಪಾಡು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. 1938ರಲ್ಲಿ ಸ್ಟೇಟ್ ಕಾಂಗ್ರೆಸ್ ಕಣ್ಣು ಬಿಡುವ ಮೊದಲೇ ನಿಷೇಧಕ್ಕೊಳಗಾಯಿತು. ಆ ನಿಷೇಧ ತೆರವಾದದ್ದು 1946ರಲ್ಲಿ. ಈ ನಡುವೆ ಸ್ವಾಮೀಜಿ ಮತ್ತೆ ಮತ್ತೆ ಸೆರೆಮನೆ ಕಂಡರು. ದೇಶವೆಲ್ಲ ಸ್ವಾತಂತ್ರ್ಯೋತ್ಸವದಲ್ಲಿದ್ದ 1947ರ ಆಗಸ್ಟ್ 15ರಂದು ಅವರನ್ನು ಬಂಧಿಸಲಾಯಿತು. ಹೊರಗೆ ರಜಾಕಾರರ ಹಾವಳಿ. ಗಡಿಯಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳ ಮುಂಡರಗಿ ಶಿಬಿರದಂಥ ಹೋರಾಟದ ನೆಲೆಗಳು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂದಿತು. 17ರಂದು ನಿಜಾಮರು ಶರಣಾದರು.

ಗೆದ್ದವರು ಅಧಿಕಾರವನ್ನು ಏನು ಮಾಡುತ್ತಾರೆ ಎಂಬುದೇ ಅನಂತರದ ಕಥೆ. ಅದೇ 1948ರಲ್ಲಿ ಮಧ್ಯ ಅಮೆರಿಕದ ಪುಟ್ಟ ದೇಶ ಕೋಸ್ಟರಿಕಾದಲ್ಲಿ ಅಂತರ್ಯುದ್ಧ ಗೆದ್ದ ಹೋಸೆ ಫಿಗೆರೆಸ್ ಎಂಬಾತ ಸೈನ್ಯವನ್ನೇ ರದ್ದುಪಡಿಸಿ, ಹದಿನೆಂಟು ತಿಂಗಳ ಬಳಿಕ ಚುನಾಯಿತ ಅಧ್ಯಕ್ಷರಿಗೆ ಆಡಳಿತ ಒಪ್ಪಿಸಿದ. ಹೈದರಾಬಾದಿನಲ್ಲಿ ನಡೆದದ್ದು ಬೇರೆ ಬಗೆ. ಮೊದಲು ಸೇನಾ ಆಡಳಿತ, ಆಮೇಲೆ ವೆಲ್ಲೋಡಿಯವರ ಅಧಿಕಾರಿ ಸರಕಾರ, 1952ರ ಚುನಾವಣೆಯ ನಂತರ ಬೂರ್ಗುಲ ರಾಮಕೃಷ್ಣರಾಯರ ಮಂತ್ರಿಮಂಡಲ. ಸ್ವಾಮೀಜಿ ರಾಜ್ಯದ ಗಾದಿಯತ್ತ ಹೋಗದೆ ಗುಲ್ಬರ್ಗಾದಿಂದ ಲೋಕಸಭೆಗೆ ಆಯ್ಕೆಯಾದರು. ಇದು ಬರೀ ವೈರಾಗ್ಯವೆಂದರೆ ಅರ್ಧಸತ್ಯವಾದೀತು. ಬೂರ್ಗುಲರ ಗುಂಪಿಗೂ ಅವರ ಗುಂಪಿಗೂ ಮೊದಲಿನಿಂದ ಸರಿಯಿರಲಿಲ್ಲ.

ಅವರ ದೊಡ್ಡತನ ಕಾಣುವುದು ರಾಜ್ಯದ ವಿಸರ್ಜನೆಯ ಪ್ರಶ್ನೆಯಲ್ಲಿ. ಹೈದರಾಬಾದ್ ಒಡೆಯದೆ ಉಳಿಯಲಿ ಎಂಬ ಒಲವು ನೆಹರೂ ಅವರಿಗಿತ್ತು. ಸ್ವಾಮೀಜಿ ಮಾತ್ರ ಅದನ್ನು ಮೂರು ಭಾಗ ಮಾಡಿ, ಆಯಾ ಭಾಷೆಯ ಜನರಿಗೆ ಸೇರಿಸಬೇಕೆಂದು ಪಟ್ಟುಹಿಡಿದರು. ಜನರ ಭಾಷೆಯಲ್ಲಿ ನಡೆಯದ ಆಡಳಿತ ಜನರದಾಗದು ಎಂಬುದು ಅವರ ನಿಲುವು. 1956ರ ನವೆಂಬರ್ 1ರಂದು ಹಾಗೆಯೇ ಆಯಿತು. ಬೀದರ್, ಗುಲ್ಬರ್ಗಾ, ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದವು. ಮರಾಠವಾಡ ಮುಂಬಯಿಗೆ, ತೆಲಂಗಾಣ ಆಂಧ್ರಕ್ಕೆ. ಕಲ್ಯಾಣ ಕರ್ನಾಟಕದ ಕನ್ನಡಿಗರಿಗೆ ಇದರಿಂದ ನಾಡು ಸಿಕ್ಕಿತು. ಇಲ್ಲೇ ನೆಲೆ ಕಂಡುಕೊಂಡಿದ್ದ ಕನ್ನಡ ಕುಟುಂಬಗಳಿಗಾದರೋ, ಅಲ್ಲಿಯವರೆಗೆ ತಮ್ಮ ರಾಜಧಾನಿಯಾಗಿದ್ದ ಊರು ಒಂದೇ ರಾತ್ರಿಯಲ್ಲಿ ಪರರಾಜ್ಯದ ಊರಾಯಿತು. ಆ ಲಾಭವನ್ನು ನೆನೆಯುವಾಗ ಈ ಬೆಲೆಯನ್ನು ಮರೆಯುವವರೇ ಹೆಚ್ಚು.

ವಿಚಿತ್ರವೆಂದರೆ, ಬೆಲೆ ತೆತ್ತವರಲ್ಲಿ ಸ್ವಾಮೀಜಿಯೂ ಒಬ್ಬರು. ಅವರು ಕಟ್ಟಿ ಬೆಳೆಸಿದ ಸ್ಟೇಟ್ ಕಾಂಗ್ರೆಸ್ಸಿನ ನೆಲೆಯೇ ಮೂರು ರಾಜ್ಯಗಳಿಗೆ ಹಂಚಿಹೋಯಿತು. 1957ರಲ್ಲಿ ಔರಂಗಾಬಾದಿನಿಂದ ಮತ್ತೊಮ್ಮೆ ಲೋಕಸಭೆಗೆ ಹೋದರು. ಹೋರಾಟದ ನೆನಪುಗಳನ್ನು ಇಂಗ್ಲಿಷಿನಲ್ಲಿ ಬರೆದು 1967ರಲ್ಲಿ ಪ್ರಕಟಿಸಿದರು. ಅವರ ಗರಡಿಯಲ್ಲಿ ಪಳಗಿದ ಪಿ.ವಿ. ನರಸಿಂಹರಾಯರು ಮುಂದೆ ಪ್ರಧಾನಿಯಾದರು. 1972ರ ಜನವರಿ 22ರಂದು ಸ್ವಾಮೀಜಿ ದೇಹ ಬಿಟ್ಟದ್ದು ಈ ಹೈದರಾಬಾದಿನಲ್ಲಿಯೇ. ಅವರ ಸ್ಮಾರಕವಿರುವುದು ಬೇಗಂಪೇಟೆಯಲ್ಲಿ.